ತಾತನ ತಮಟೆ, ಮಗಳ 'ಯಾಕೆ'

ಮಕ್ಕಳು ವಿಜ್ಞಾನಿ ಆಗಬೇಕು ಅಂತ ಸಾಲ ಮಾಡಿ ಟ್ಯೂಷನ್ನಿಗೆ ಕಳಿಸೋ ಮನೆಗಳು ನಮ್ಮ ಕೇರಿಗಳಲ್ಲೂ ಈಗ ಬೇಕಾದಷ್ಟಿವೆ. ಸಂತೋಷ. ಆದರೆ ಅದೇ ಮಕ್ಕಳು ತಾತನ ಪಕ್ಕ ಕೂತು ಚರ್ಮದ ಮಾತು, ತಮಟೆ ಮಾತು ತೆಗೆದರೆ 'ಅದೆಲ್ಲ ನಿನಗ್ಯಾಕೆ, ಎದ್ದು ಬಾ' ಅಂತಾರೆ. ಆ ಸಂಕೋಚ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಆ ಕೆಲಸ ನಮ್ಮ ಹಿರೀಕರು ಆರಿಸಿಕೊಂಡಿದ್ದಲ್ಲ, ಜಾತಿ ಹೇರಿದ್ದು. ಆದರೆ ಆ ಕೆಲಸದೊಳಗೆ ಅವರು ಕಂಡುಕೊಂಡ ತಿಳುವಳಿಕೆ ಯಾರೂ ಕೊಟ್ಟ ಭಿಕ್ಷೆ ಅಲ್ಲ. ಅದು ಅವರ ಸ್ವಂತ ಸಂಪಾದನೆ.

ಹೋದ ಮಳೆಗಾಲ ನನ್ನ ಮಗಳು ನಮ್ಮಪ್ಪನನ್ನ ಕೇಳಿದಳು: "ತಾತ, ತಮಟೆನ ಯಾಕೆ ಬೆಂಕಿಗೆ ಹಿಡೀತೀಯ?"

"ಚರ್ಮ ಗಾಳೀಲಿರೋ ನೀರು ಕುಡ್ದು ಸಡ್ಲ ಆಯ್ತದೆ ಕಣವ್ವ. ಕಾಯ್ಸುದ್ರೆ ಬಿಗಿ ಬತ್ತದೆ. ಬಿಗಿ ಇದ್ರೇನೆ ಸದ್ದು."

"ಹಾಗಾದ್ರೆ ಬೇಸಿಗೇಲಿ ಕಾಯಿಸೋದೇ ಬೇಡ್ವಾ?"

"ಬ್ಯಾಸ್ಗೇಲಿ ನೀನೇ ಬಂದು ಬಡ್ದು ನೋಡು."

ಆ ಕೊನೇ ಮಾತಿದೆಯಲ್ಲ, ಅದೇ ವಿಜ್ಞಾನ. ಪುಸ್ತಕ ಇದನ್ನ ಆರ್ದ್ರತೆ, ಬಿಗಿತ, ಆವೃತ್ತಿ ಅಂತ ಹೇಳುತ್ತೆ. ಸುಣ್ಣದ ನೀರಲ್ಲಿ ನೆನೆಸಿದರೆ ತೊಗಲಿನ ಕೂದಲು ಬಿಡುತ್ತೆ, ತಂಗಡಿ ಚಕ್ಕೆಯ ರಸದಲ್ಲಿ ಹದ ಮಾಡಿದರೆ ಚರ್ಮ ಕೊಳೆಯಲ್ಲ. ಇದು ಶಾಲೆಗೆ ಹೋಗದ ನಮ್ಮಪ್ಪನಿಗೆ ಗೊತ್ತು. ಆ ಚಕ್ಕೆಯ ಟ್ಯಾನಿನ್ ಚರ್ಮದ ಪ್ರೋಟೀನನ್ನ ಹಿಡಿದು ಕಟ್ಟುತ್ತೆ ಅಂತ ಮೊಮ್ಮಗಳು ಮುಂದೆ ಕಾಲೇಜಲ್ಲಿ ಓದಿದಾಗ, ಅದು ಅವಳಿಗೆ ಪರರ ವಿದ್ಯೆ ಅನಿಸಬಾರದು.

ಹಾಗಂತ ಹಿರಿಯರು ಹೇಳಿದ್ದೆಲ್ಲ ನಿಜ ಅಂತ ನಾನು ಹೇಳ್ತಿಲ್ಲ. ಗ್ರಹಣ ಹಿಡಿದಾಗ ಉಣ್ಣಬೇಡ ಅಂತ ನಮ್ಮವ್ವ ಈಗಲೂ ಅಂತಾಳೆ. "ಉಂಡ್ರೆ ಏನಾಗುತ್ತೆ ಅಜ್ಜಿ, ಯಾರಾದ್ರೂ ನೋಡಿದಾರಾ?" ಅಂತ ಮಗು ಕೇಳಲಿ. ಅಜ್ಜಿ ಗದರಿಸದೆ ಇರಲಿ. ಅಷ್ಟು ಸಾಕು.

ಆದರೆ 'ಯಾಕೆ' ಅನ್ನೋದು ತಮಟೆ ಹತ್ರ ನಿಲ್ಲಲ್ಲ. "ದೇವರ ಮುಂದೆ ಬಡಿಯೋ ನಿನ್ನನ್ನ ಗುಡಿ ಒಳಕ್ಕೆ ಯಾಕೆ ಬಿಡಲ್ಲ ತಾತ?" ಅಂತಲೂ ಕೇಳಿದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದುಕ್ಕೆ ಕಾರಣ ಇಲ್ಲ ಕಣವ್ವ. ನಾನೂವೆ ಹುಡುಕ್ದೆ, ಸಿಕ್ನಿಲ್ಲ" ಅಂದ.

ಚರ್ಮ ಯಾಕೆ ಬಿಗಿಯುತ್ತೆ ಅನ್ನೋದಕ್ಕೆ ಕಾರಣ ಇದೆ. ಜಾತಿಗೆ ಇಲ್ಲ. ದನಕರು ಕುಡಿಯೋ ಕೆರೆ ಮನುಷ್ಯ ಮುಟ್ಟಿದರೆ ಹೇಗೆ ಮೈಲಿಗೆ ಆಗುತ್ತೆ? 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದು ಈ ಪ್ರಶ್ನೆಯನ್ನ ಎಲ್ಲರೆದುರು ಇಟ್ಟಿತು. ಉತ್ತರ ಕೊಡಲಾಗದವರು ಹಲ್ಲೆ ಮಾಡಿದರು, ಆಮೇಲೆ ಸಗಣಿ ಗಂಜಲ ಸುರಿದು ಕೆರೆಯನ್ನೇ 'ಶುದ್ಧ' ಮಾಡಿದರು. ಪ್ರಶ್ನೆ ಕೇಳೋ ಮಗುವನ್ನ ಕಂಡರೆ ಜಾತಿಗೆ ಭಯ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ಸಂವಿಧಾನದ 51ಎ(ಎಚ್) ಪ್ರಕಾರ ಪ್ರತಿಯೊಬ್ಬ ನಾಗರಿಕನ ಕರ್ತವ್ಯ. 1976ರಲ್ಲಿ 42ನೇ ತಿದ್ದುಪಡಿಯಿಂದ ಬಂದದ್ದು. ನಮ್ಮ ಮಕ್ಕಳ ಶಾಲೆಗೆ, ಹಾಸ್ಟೆಲಿಗೆ ಒಳ್ಳೆ ಪ್ರಯೋಗಾಲಯ ಬೇಕು ಅಂತ ಸರ್ಕಾರದ ಮುಂದೆ ಜಗಳ ಆಡೋಣ, ಬಿಡೋದು ಬೇಡ. ಅದರ ಜೊತೆಗೇ ಈ ರಜೆಗೆ ಮಕ್ಕಳನ್ನ ತಾತ ಅಜ್ಜಿ ಹತ್ರ ಕೂರಿಸಿ. ಅವರ ಮಾತು ಫೋನಲ್ಲಿ ರೆಕಾರ್ಡ್ ಮಾಡಿಸಿ, ನೋಟ್ ಬುಕ್ಕಲ್ಲಿ ಬರೆಸಿ. ಮಗು ತಮಟೆ ಬಡಿಯಲೇಬೇಕು ಅಂತೇನಿಲ್ಲ, ಅದು ಅವರಿಷ್ಟ. ಕೇಳೋದನ್ನ ಮಾತ್ರ ಯಾರೂ ನಿಲ್ಲಿಸಬಾರದು.

ಜೈ ಭೀಮ್.