ಒಂಬತ್ತನೇ ತಿಂಗಳ ಕಷಾಯಕ್ಕೆ ಸೈಡ್ ಎಫೆಕ್ಟ್ ಇಲ್ವಂತೆ!

ನಮ್ಮ ಕಡೆ ಹೆಣ್ಣುಮಗಳೊಬ್ಬಳಿಗೆ ಎಂಟು ತುಂಬಿ ಒಂಬತ್ತಕ್ಕೆ ಬಿತ್ತು ಅಂದರೆ ಸಾಕು, ಸುತ್ತಮುತ್ತ ಇರೋರೆಲ್ಲ ರಾತ್ರೋರಾತ್ರಿ ವೈದ್ಯರಾಗಿಬಿಡುತ್ತಾರೆ. ಅತ್ತೆ ಹಾಲಿಗೆ ತುಪ್ಪ ಹಾಕಿ ಕೊಡುತ್ತಾರೆ. ಚಿಕ್ಕಮ್ಮ ಜೀರಿಗೆ ಕಷಾಯ ಕುದಿಸುತ್ತಾರೆ. ಪಕ್ಕದ ಮನೆಯವರು "ಎರಡು ಚಮಚ ಹರಳೆಣ್ಣೆ ಕುಡಿಸಿ, ನೋವು ತಾನಾಗೇ ಬರತ್ತೆ" ಅಂತಾರೆ. ಊರಿಂದ ಯಾರೋ ಒಂದು ಬೇರು ತಂದುಕೊಡುತ್ತಾರೆ. ಅಮೆರಿಕದಲ್ಲಿರೋ ಗೆಳತಿ ರಾಸ್ಪ್‌ಬೆರಿ ಎಲೆಯ ಟೀ ಕುಡಿ ಅಂತ ಮೆಸೇಜ್ ಮಾಡುತ್ತಾಳೆ. ಎಲ್ಲರ ಮಾತಿನ ಕೊನೆಗೂ ಒಂದೇ ಪಲ್ಲವಿ: "ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಏನೂ ಇಲ್ಲ."

ನನ್ನ ಜಗಳ ಇರೋದು ಈ ಪಲ್ಲವಿಯ ಜೊತೆ. ಹಾಲು-ತುಪ್ಪದ ಜೊತೆ ಅಲ್ಲ. ಅಡುಗೆಮನೆಯ ಅಳತೆಯಲ್ಲಿ ಕುಡಿಯೋ ಜೀರಿಗೆ ನೀರಿನ ಜೊತೆಯೂ ಅಲ್ಲ. ಅವು ಊಟ. ಆದರೆ "ಇದನ್ನ ಕುಡಿದರೆ ಹೆರಿಗೆ ಸಲೀಸಾಗತ್ತೆ" ಅಂತ ಹೇಳಿದ ಕ್ಷಣವೇ ಆ ಲೋಟದಲ್ಲಿರೋದು ಊಟ ಆಗಿ ಉಳಿಯಲ್ಲ, ಔಷಧಿ ಆಗತ್ತೆ.

ತರ್ಕ ತುಂಬಾ ಸರಳ ಸ್ವಾಮಿ. ನೀವು ಕೊಡೋ ಕಷಾಯ ಗರ್ಭಕೋಶದ ಮೇಲೆ ಏನಾದರೂ ಮಾಡತ್ತೋ ಇಲ್ಲವೋ? ಮಾಡತ್ತೆ ಅನ್ನೋದಾದರೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಯಾರಿಗೆ ಕೊಡಲೇಬಾರದು ಅನ್ನೋ ಪ್ರಶ್ನೆಗಳಿಗೆ ಉತ್ತರ ಬೇಕು. ಏನೂ ಮಾಡಲ್ಲ ಅನ್ನೋದಾದರೆ ವಾಂತಿ ಬರೋ ಹಾಗಿರೋ ಆ ಕಹಿಯನ್ನ ದಿನ ತುಂಬಿದವಳ ಗಂಟಲಿಗೆ ಯಾಕೆ ಸುರೀತೀರಿ? ಪರಿಣಾಮ ಇದೆ, ಆದರೆ ಅಡ್ಡಪರಿಣಾಮ ಇಲ್ಲ... ಇಂಥ ವಸ್ತು ಪ್ರಪಂಚದಲ್ಲಿ ಎಲ್ಲೂ ಇಲ್ಲ. ಕಾಫಿಗೇ ಇಲ್ಲ ಆ ಭಾಗ್ಯ :-)

ಹರಳೆಣ್ಣೆಯನ್ನೇ ತಗೊಳ್ಳಿ. ಅದು ಸುಳ್ಳು ಔಷಧಿ ಅಲ್ಲ, ಅದೇ ಅದರ ತೊಂದರೆ. ಅದರಲ್ಲಿರೋ ರಿಸಿನೋಲಿಕ್ ಆಮ್ಲ ಹೇಗೆ ಕೆಲಸ ಮಾಡತ್ತೆ ಅಂತ 2012ರಲ್ಲಿ ಜರ್ಮನಿಯ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಕರುಳಿನ ಸ್ನಾಯುವಿನಲ್ಲೂ ಗರ್ಭಕೋಶದ ಸ್ನಾಯುವಿನಲ್ಲೂ ಇರುವ ಇಪಿ3 ಅನ್ನೋ ಗ್ರಾಹಕವನ್ನೇ ಅದು ಹಿಡಿಯತ್ತೆ. ಅದಕ್ಕೇ ಭೇದಿಯೂ ಆಗತ್ತೆ, ನೋವೂ ಶುರುವಾಗಬಹುದು. ಇನ್ನು ಮನುಷ್ಯರ ಮೇಲಿನ ಅಧ್ಯಯನಗಳು? ಕೊಕ್ರೇನ್ ಸಂಸ್ಥೆಯ 2013ರ ಪರಿಶೀಲನೆಗೆ ಸಿಕ್ಕಿದ್ದು ಮೂರೇ ಮೂರು, ಎಲ್ಲಾ ಸೇರಿ 233 ಹೆಂಗಸರು. ಸಿಸೇರಿಯನ್ ಕಮ್ಮಿ ಆಗತ್ತೆ ಅಂತ ಅದರಿಂದ ಹೇಳೋಕಾಗಲಿಲ್ಲ. ಆದರೆ ಎಣ್ಣೆ ಕುಡಿದವರೆಲ್ಲರಿಗೂ ಹೊಟ್ಟೆ ತೊಳಸಿತ್ತು.

ಆಸ್ಪತ್ರೆಯಲ್ಲಿ ನೋವು ಬರಿಸೋಕೆ ಆಕ್ಸಿಟೋಸಿನ್ ಡ್ರಿಪ್ ಹಾಕ್ತಾರಲ್ಲ, ಅದರ ಬಗ್ಗೆ ನಮ್ಮವರಿಗೆ ಎಲ್ಲಿಲ್ಲದ ಭಯ. ಭಯ ಇರಬೇಕಾದ್ದೇ. ಆದರೆ ಒಂದು ವ್ಯತ್ಯಾಸ ನೋಡಿ. ಡ್ರಿಪ್ ಹನಿಹನಿಯಾಗಿ ಹೋಗತ್ತೆ. ಮಗುವಿನ ಎದೆಬಡಿತ ಇಳೀತು ಅಂದರೆ ನರ್ಸಮ್ಮ ಬಂದು ನಿಲ್ಲಿಸಬಹುದು. ಹೊಟ್ಟೆಗೆ ಹೋದ ಹರಳೆಣ್ಣೆಗೆ ಸ್ಟಾಪ್ ಬಟನ್ ಎಲ್ಲಿದೆ? ರಾತ್ರಿ ಎರಡು ಗಂಟೆಗೆ, ಮನೇಲಿ, ಭೇದಿಯಾಗಿ ಮೈಯಲ್ಲಿ ನೀರೆಲ್ಲ ಹೋಗಿ ಸುಸ್ತಾದವಳಿಗೆ ಬಿಡುವಿಲ್ಲದ ಹಾಗೆ ನೋವು ಬಂದರೆ ಮಗುವಿನ ಎದೆಬಡಿತ ಕೇಳೋರು ಯಾರು? ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದರಂತೂ ಗರ್ಭಕೋಶದ ಹಳೇ ಹೊಲಿಗೆಯ ಜಾಗ ಬಿಚ್ಚಿಕೊಳ್ಳೋ ಅಪಾಯ. ಈ ಪ್ರಶ್ನೆಯನ್ನ ಚಮಚ ಹಿಡಿದವರು ಕೇಳಿದ್ದನ್ನ ನಾನು ಕಂಡಿಲ್ಲ.

"ನೀನು ಇಂಗ್ಲಿಷ್ ಓದಿ ಕೆಟ್ಟೆ, ನಮ್ಮ ಆಯುರ್ವೇದ ನಿನಗೇನು ಗೊತ್ತು" ಅಂತೀರಾ? ಬನ್ನಿ, ಆಯುರ್ವೇದಕ್ಕೇ ಹೋಗೋಣ.

ಮಳೆಗಾಲದಲ್ಲಿ ಬೇಲಿ ಮೇಲೆ ಬೆಂಕಿ ಹತ್ತಿದ ಹಾಗೆ ಕೆಂಪು-ಹಳದಿ ಹೂ ಬಿಡತ್ತಲ್ಲ, ಅಗ್ನಿಶಿಖೆ, ಕೋಳಿಕುಟುಮ ಅಂತಲೂ ಕರೀತಾರೆ, ಅದರ ಸಂಸ್ಕೃತ ಹೆಸರು ಲಾಂಗಲಿ. ಸುಖಪ್ರಸವಕ್ಕೆ ಅಂತ ಅದರ ಗೆಡ್ಡೆ ತೇಯ್ದು ಹಚ್ಚೋ ಪದ್ಧತಿ ಗ್ರಂಥಗಳಲ್ಲಿದೆ. ನೆನಪಿಡಿ, ಮೈಮೇಲೆ ಹಚ್ಚೋದು. ಅದೇ ಶಾಸ್ತ್ರ ಅದಕ್ಕೆ ಕೊಟ್ಟ ಇನ್ನೊಂದು ಹೆಸರೇನು ಗೊತ್ತಾ? ಗರ್ಭಪಾತಿನಿ. ಉಪವಿಷಗಳ ಪಟ್ಟಿಯಲ್ಲಿ ಅದನ್ನ ಸೇರಿಸಿ, ಶುದ್ಧಿ ಮಾಡದೆ ಬಳಸಬೇಡಿ ಅಂತ ಹೇಳಿದ್ದೂ ನಮ್ಮವರೇ. ಗೆಡ್ಡೆಯಲ್ಲಿರೋ ಕಾಲ್ಚಿಸಿನ್ ಹೊಟ್ಟೆಗೆ ಹೋದರೆ ಪ್ರಾಣ ತೆಗೆಯತ್ತೆ. ಭಾರತದ ಔಷಧ ನಿಯಮಗಳಲ್ಲಿ ಆಯುರ್ವೇದದ ವಿಷವಸ್ತುಗಳಿಗೆ ಅಂತಲೇ ಷೆಡ್ಯೂಲ್ ಇ(1) ಅನ್ನೋ ಪಟ್ಟಿ ಇದೆ, ಲಾಂಗಲಿ ಅದರಲ್ಲೂ ಇದೆ. ಅಂದರೆ "ಸೈಡ್ ಎಫೆಕ್ಟ್ ಇಲ್ಲ" ಅನ್ನೋದು ಆಯುರ್ವೇದದ ಮಾತೇ ಅಲ್ಲ. ಆಯುರ್ವೇದದ ಹೆಸರಲ್ಲಿ ವ್ಯಾಪಾರ ಮಾಡೋರ ಮಾತು. ಚರಕ ಸಂಹಿತೆಯ ಶಾರೀರಸ್ಥಾನ ಗರ್ಭಿಣಿಗೆ ತಿಂಗಳು ತಿಂಗಳಿನ ಆಹಾರ ಹೇಳತ್ತೆ, ಒಂಬತ್ತನೇ ತಿಂಗಳಿಗೆ ಎಣ್ಣೆಯ ಬಸ್ತಿ ಹೇಳತ್ತೆ. ಅದು ನೋಡಿ ಮಾಡೋ ವೈದ್ಯನ ಕೆಲಸ, ಫಾರ್ವರ್ಡ್ ಮಾಡೋರ ಕೆಲಸ ಅಲ್ಲ.

ಇದೇನು ನಮ್ಮೊಬ್ಬರ ಕಥೆಯಲ್ಲ. ಯುರೋಪಿನಲ್ಲಿ ಸೂಲಗಿತ್ತಿಯರು ಅರ್ಗಟ್ ಅನ್ನೋ ಪುಡಿ ಕೊಡ್ತಿದ್ದರು. ರೈ ಧಾನ್ಯದ ತೆನೆಯಲ್ಲಿ ಬೆಳೆಯೋ ಒಂದು ಶಿಲೀಂಧ್ರ ಅದು. 1808ರಲ್ಲಿ ಜಾನ್ ಸ್ಟರ್ನ್ಸ್ ಅನ್ನೋ ಅಮೆರಿಕದ ವೈದ್ಯ ಇದನ್ನ ಹೊಗಳಿ ಬರೆದ, ಡಾಕ್ಟರುಗಳೂ ಮುಗಿಬಿದ್ದರು. ಹೆರಿಗೆ ಬೇಗ ಆಗ್ತಿತ್ತು ನಿಜ. ಜೊತೆಗೆ ಸತ್ತು ಹುಟ್ಟೋ ಮಕ್ಕಳೂ ಹೆಚ್ಚಾದವು. 1824ರಲ್ಲಿ ನ್ಯೂಯಾರ್ಕಿನ ಡೇವಿಡ್ ಹೊಸಾಕ್ ಇದನ್ನ ಹೆರಿಗೆ ಪುಡಿ ಅನ್ನೋ ಬದಲು ಸಾವಿನ ಪುಡಿ ಅನ್ನಬೇಕು ಅಂತ ಎಚ್ಚರಿಸಿದ; ಹೆರಿಗೆ ಆದಮೇಲೆ ರಕ್ತಸ್ರಾವ ನಿಲ್ಲಿಸೋಕೆ ಮಾತ್ರ ಸಾಕು ಅಂದ. 1935ರಲ್ಲಿ ಅದರೊಳಗಿನ ಎರ್ಗೊಮೆಟ್ರಿನ್ ಬೇರ್ಪಡಿಸಿದರು. ಅದರದ್ದೇ ವಂಶದ ಇಂಜೆಕ್ಷನ್ ಇವತ್ತಿಗೂ ನಮ್ಮ ಹೆರಿಗೆ ವಾರ್ಡುಗಳಲ್ಲಿ ಬಾಣಂತಿಯರ ಜೀವ ಉಳಿಸತ್ತೆ. ಅದೇ ವಸ್ತು. ಮಗು ಹುಟ್ಟೋ ಮುಂಚೆ ಕೊಟ್ಟರೆ ಕೊಲ್ಲಬಹುದು, ಹುಟ್ಟಿದ ಮೇಲೆ ಕೊಟ್ಟರೆ ಕಾಯತ್ತೆ. ಮಧ್ಯೆ ಇರೋದು ಸಮಯ ಮತ್ತು ಅಳತೆ, ಅಷ್ಟೇ.

ಗೆಳತಿಯ ರಾಸ್ಪ್‌ಬೆರಿ ಎಲೆಯನ್ನೂ ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದ್ದಾರೆ. 2001ರಲ್ಲಿ ಪ್ರಕಟವಾದ ಅಧ್ಯಯನ, 192 ಹೆಂಗಸರು, 32ನೇ ವಾರದಿಂದ ಮಾತ್ರೆ. ಕೆಟ್ಟದ್ದೇನೂ ಕಾಣಲಿಲ್ಲ. ಆದರೆ ಹೆರಿಗೆಯ ಉದ್ದನೆಯ ಮೊದಲ ಹಂತ ಒಂದಿಷ್ಟೂ ಚಿಕ್ಕದಾಗಲಿಲ್ಲ. ಎರಡನೇ ಹಂತದಲ್ಲಿ ಸುಮಾರು ಹತ್ತು ನಿಮಿಷದ ವ್ಯತ್ಯಾಸ. ಇಷ್ಟಕ್ಕೇ ಅಷ್ಟೊಂದು ಗಲಾಟೆ.

ಇನ್ನು ಪೊಟ್ಟಣದಲ್ಲಿ, ಡಬ್ಬಿಯಲ್ಲಿ ಬರೋ ಮಾತ್ರೆಗಳು. 2011-12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಜನ ಗರ್ಭಿಣಿಯರ ರಕ್ತದಲ್ಲಿ ಸೀಸ ಪತ್ತೆಯಾಯಿತು. ಆರರಲ್ಲಿ ಐವರು ಭಾರತದಲ್ಲಿ ಹುಟ್ಟಿದವರು. ಹುಡುಕಿದರೆ ಮೂಲ ಸಿಕ್ಕಿದ್ದು ಭಾರತದ ಆಯುರ್ವೇದ ಔಷಧಿಗಳಲ್ಲಿ. ಅವು ಹೆರಿಗೆ ಸಲೀಸು ಮಾಡೋಕೆ ಅಂತ ತಗೊಂಡವಲ್ಲ, ಒಪ್ಪಿದೆ. ಆದರೆ ಸೀಸ ಮಾಸು ದಾಟಿ ಮಗುವಿಗೆ ಹೋಗುವಾಗ ಯಾವ ಕಾರಣಕ್ಕೆ ನುಂಗಿದಿರಿ ಅಂತ ಕೇಳಲ್ಲ.

"ನಮ್ಮಜ್ಜಿ ಹತ್ತು ಹೆತ್ತಳು, ಯಾವ ಡಾಕ್ಟರು ಇದ್ದರು?" ಇದು ಇನ್ನೊಂದು ಬ್ರಹ್ಮಾಸ್ತ್ರ. ಬದುಕಿದ ಅಜ್ಜಿಯರು ಕಥೆ ಹೇಳೋಕೆ ಇದ್ದಾರೆ. ಹೆರಿಗೆಯಲ್ಲೇ ಹೋದವರು ಯಾರ ಅಜ್ಜಿಯೂ ಆಗಲಿಲ್ಲ. ಅಷ್ಟು ಹಿಂದೆ ಹೋಗೋದೂ ಬೇಡ. ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಈ ನಡುವೆ ಹೊಸದಾಗಿ ಬಂದದ್ದು ಕಷಾಯವಾ? ಅದು ಮೊದಲೂ ಇತ್ತು. ಹೆಚ್ಚಾದದ್ದು ಆಸ್ಪತ್ರೆ ಹೆರಿಗೆ, ಸಮಯಕ್ಕೆ ಸಿಗೋ ಆಂಬುಲೆನ್ಸು, ಮನೆಮನೆಗೆ ಬರೋ ಆಶಾ ಕಾರ್ಯಕರ್ತೆ.

ಹಾಗಂತ ಡಾಕ್ಟರುಗಳನ್ನ ಸುಮ್ಮನೆ ಬಿಡೋಕಾಗಲ್ಲ. ಜನ ಯಾಕೆ ಬೇರು-ನಾರಿನ ಹಿಂದೆ ಹೋಗ್ತಾರೆ? ಆಪರೇಷನ್ ಭಯಕ್ಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಆದ ಹೆರಿಗೆಗಳಲ್ಲಿ ಶೇಕಡ 47 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇಕಡ 14. ಈ ಅಂಕಿ ನೋಡಿದ ಮೇಲೂ ಆ ಭಯ ಬರೀ ಮೂಢನಂಬಿಕೆ ಅಂತ ಯಾವ ಬಾಯಲ್ಲಿ ಹೇಳೋದು? ಮೇಲಿಂದ ಐದು ನಿಮಿಷ ಕೂತು ಮಾತಾಡೋ ವ್ಯವಧಾನ ಇಲ್ಲ. ಕಷಾಯ ಅಂದ ಕೂಡಲೇ ಗದರಿಸೋದು. ಗದರಿಸಿದರೆ ಆಕೆ ಕುಡಿಯೋದು ಬಿಡಲ್ಲ, ಹೇಳೋದನ್ನ ಬಿಡ್ತಾಳೆ. ಮನೆಯವರೂ "ಡಾಕ್ಟರಿಗೆ ಹೇಳಬೇಡ" ಅಂತ ಕಿವಿಯಲ್ಲಿ ಊದಿರ್ತಾರೆ. ಒಳಗೆ ಹರಳೆಣ್ಣೆ ಕೆಲಸ ಮಾಡ್ತಿರೋದು ಗೊತ್ತಿಲ್ಲದೆ ಮೇಲಿಂದ ಡ್ರಿಪ್ ಏರಿಸಿದರೆ ಏನಾಗಬಹುದು ಯೋಚಿಸಿ. ಕಷಾಯಕ್ಕಿಂತ ಈ ಗುಟ್ಟೇ ಹೆಚ್ಚು ಅಪಾಯ.

ಇಷ್ಟೆಲ್ಲದರ ಮಧ್ಯೆ ಹೊಟ್ಟೆ ಹೊತ್ತವಳನ್ನ ಯಾರು ಕೇಳಿದರು? "ಕುಡಿಯಮ್ಮ, ಮಗೂಗೆ ಒಳ್ಳೇದು" ಅಂದಮೇಲೆ ಬೇಡ ಅನ್ನೋ ಧೈರ್ಯ ಯಾವ ಸೊಸೆಗಿದೆ? ಹೆರಿಗೆ ಸಲೀಸಾದರೆ ಕಷಾಯದ ಮಹಿಮೆ, ಆಪರೇಷನ್ ಆದರೆ ಡಾಕ್ಟರ ದುಡ್ಡಿನಾಸೆ, ಇಲ್ಲಾ "ಅವಳು ಸರಿಯಾಗಿ ಕುಡಿಯಲಿಲ್ಲ". ಫೇಲ್ ಆಗೋಕೆ ಸಾಧ್ಯವೇ ಇಲ್ಲದ ಟೆಸ್ಟ್ ಬರೆದವನನ್ನ ನಮ್ಮ ಆಫೀಸಲ್ಲಿ ಕೋಡ್ ರಿವ್ಯೂನಲ್ಲೇ ವಾಪಸ್ ಕಳಿಸ್ತೀವಿ. ಇಲ್ಲಿ ಅವನಿಗೆ ಹಾರ ಹಾಕ್ತೀವಿ.

ನಾನು ಕೇಳೋದು ಮೂರೇ. ಏನು ಕುಡಿಸ್ತೀರೋ, ಎಷ್ಟು ಕುಡಿಸ್ತೀರೋ, ಯಾವತ್ತಿಂದ ಅನ್ನೋದನ್ನ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನ ಜೊತೆ ಇಡಿ. ಡಾಕ್ಟರುಗಳೇ, ಬಿಪಿ ನೋಡುವಾಗಲೇ "ಮನೇಲಿ ಏನೇನು ಕೊಡ್ತಿದ್ದಾರಮ್ಮ?" ಅಂತ ಗದರದೆ ಕೇಳಿ. ಆಯುರ್ವೇದ ಓದಿರೋ ಗೆಳೆಯರೇ, ನಿಮ್ಮ ಶಾಸ್ತ್ರದ ಹೆಸರಲ್ಲಿ "ಸೈಡ್ ಎಫೆಕ್ಟ್ ಇಲ್ಲ" ಅಂತ ಯಾರಾದರೂ ಅಂದರೆ ಮೊದಲು ಜಗಳಕ್ಕೆ ನಿಲ್ಲಬೇಕಾದವರು ನೀವು, ನಾನಲ್ಲ.

ಸಂಸ್ಕೃತಿ ವಿರೋಧಿ ಅಂತ ಬೈಯೋರು ಧಾರಾಳವಾಗಿ ಬೈಯಿರಿ. ಬೈದಾದ ಮೇಲೆ ನಿಮ್ಮ ಮನೆಯ ಕಷಾಯದ ಅಳತೆ ಏನು, ಯಾರಿಗೆ ಕೊಡಬಾರದು ಅಂತಲೂ ಒಂದು ಸಾಲು ಬರೆದು ಹೋಗಿ. ಅದು ಗೊತ್ತಿಲ್ಲ ಅಂದರೆ ದಯವಿಟ್ಟು ಆ ಲೋಟವನ್ನ ಕೆಳಗಿಡಿ.