ಕಂಬಿಗೆ ಕಟ್ಟಿದ ಶಾಲು

ವಿಯೆನ್ನಾದ ಸ್ಟಾಟ್‌ಪಾರ್ಕಿನಲ್ಲಿ ಸಂಗೀತಗಾರ ಯೋಹಾನ್ ಸ್ಟ್ರಾಸ್, ಚಿನ್ನದ ಲೇಪದ ಪ್ರತಿಮೆಯಾಗಿ, ಪಿಟೀಲು ನುಡಿಸುತ್ತ ನಿಂತಿದ್ದಾನೆ. ಅವನ ಮುಂದೆ ಸೆಲ್ಫಿಗೆ ಸಾಲು. ನಾನೂ ನಿಂತೆ, ಸುಳ್ಳೇಕೆ? ಹನ್ನೊಂದು ಫೋಟೊ, ಒಂದರಲ್ಲೂ ಊರಿಲ್ಲ.

ಊರು ಸಿಕ್ಕಿದ್ದು ಸಂಜೆ, ಸ್ಟೇಟ್ ಒಪೆರಾದಲ್ಲಿ ನಿಂತು ಕೇಳುವವರ ಜಾಗದಲ್ಲಿ. 1945ರ ಬಾಂಬಿಗೆ ಸುಟ್ಟು, 1955ರಲ್ಲಿ ಬೀಥೋವನ್‌ನ ಒಪೆರಾ ‘ಫಿಡೆಲಿಯೊ’ದೊಂದಿಗೆ ಮತ್ತೆ ಬಾಗಿಲು ತೆರೆದ ಕಟ್ಟಡವದು. ಅಗ್ಗದ ಟಿಕೆಟ್ಟಿನವರು ಕಂಬಿಗೆ ಶಾಲು ಕಟ್ಟಿ ಜಾಗ ಹಿಡಿದಿದ್ದರು, ನಾವು ಕೆಂಪು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದಂತೆಯೇ! ತೆರೆ ಏಳುವ ಮೊದಲು ಆ ಗಂಟುಗಳನ್ನಷ್ಟೇ ಕ್ಲಿಕ್ಕಿಸಿದೆ. ಪ್ರದರ್ಶನದ ನಡುವೆ ಫೋಟೊ ನಿಷಿದ್ಧ. ಆ ನಿಯಮ ನಮ್ಮ ರಾಮನವಮಿ ಕಚೇರಿಗಳಿಗೂ ಬರಲಿ. ಮುಂದಿನ ಸಾಲಿನವರು ಮೊಬೈಲ್ ಎತ್ತಿದರೆ ಹಿಂದಿನವರಿಗೆ ಗಾಯಕರೇ ಕಾಣುವುದಿಲ್ಲ. ದಯವಿಟ್ಟು, ಆಲಾಪನೆ ಮುಗಿಯುವವರೆಗಾದರೂ ಅದನ್ನು ಜೇಬಿನಲ್ಲಿಡಿ.