ಭಟ್ಟರ ಕೈಯ ಹಳೆಯ ಚೀಟಿ

ಜಯನಗರ ನಾಲ್ಕನೇ ಬ್ಲಾಕಿನ ಯಾವುದಾದರೊಂದು ದರ್ಶಿನಿಯ ಬೆಳಗಿನ ನೂಕುನುಗ್ಗಲನ್ನು ನೆನೆಸಿಕೊಳ್ಳಿ. ಅಡುಗೆ ಭಟ್ಟರಿಗೆ ಪ್ರತಿ ಸಲ ಹೊರಬಂದು ಬೋರ್ಡು ಓದಲು ಪುರುಸೊತ್ತೆಲ್ಲಿ? ಮಾಡಬೇಕಾದ ತಿಂಡಿಗಳ ಚೀಟಿಯೊಂದನ್ನು ಒಲೆಯ ಪಕ್ಕ ಸಿಕ್ಕಿಸಿಕೊಂಡಿರುತ್ತಾರೆ. ಕಂಪ್ಯೂಟರಿನ ಪ್ರೊಸೆಸರ್ ಮಾಡುವುದೂ ಇಷ್ಟೆ. ಮೆಮೊರಿ ಎಂಬ ಬೋರ್ಡು ಅದಕ್ಕೆ ಬಲು ದೂರ. ಹಾಗಾಗಿ ಆಜ್ಞೆಗಳ ನಕಲನ್ನು 'ಇನ್‌ಸ್ಟ್ರಕ್ಷನ್ ಕ್ಯಾಶ್' ಎಂಬ ಪುಟ್ಟ ಗೂಡಿನಲ್ಲಿ ಇಟ್ಟುಕೊಳ್ಳುತ್ತದೆ. ಬರೆಯುವ ಮಾಹಿತಿಗೆ ಇನ್ನೊಂದು ಗೂಡು. ಅದನ್ನು ಯಜಮಾನರ ಜೇಬು ಎನ್ನಿ.

ಪ್ರೋಗ್ರಾಮು ಬದಲಾಗದಿದ್ದರೆ ತಕರಾರಿಲ್ಲ. ಆದರೆ ಓಡುತ್ತಿರುವಾಗಲೇ ಹೊಸ ಆಜ್ಞೆಗಳನ್ನು ಬರೆದು, ಮರುಗಳಿಗೆಯೇ ಓಡಿಸುವ 'ಜಸ್ಟ್ ಇನ್ ಟೈಮ್' ಕಂಪೈಲರುಗಳಿವೆ. ಚಿಕ್ಕದಾಗಿ ಜಿಟ್. ನೆಟ್‌ವರ್ಕಿನ ಮಾಹಿತಿಯನ್ನು ಜರಡಿ ಹಿಡಿಯಲೆಂದು 1992ರಲ್ಲಿ ಅಮೆರಿಕದ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್ ವಿವರಿಸಿದ 'ಬಿ.ಪಿ.ಎಫ್.'ಗೆ ಲಿನಕ್ಸಿನ ತಿರುಳಾದ ಕರ್ನೆಲ್ಲಿನಲ್ಲೇ ಜಿಟ್ ಬಂದದ್ದು 2011ರಲ್ಲಿ.

ಎಡವಟ್ಟು ಇಲ್ಲಿದೆ. ಹೊಸ ಆಜ್ಞೆ ಯಜಮಾನರ ಜೇಬಿನಲ್ಲೇ ಉಳಿದರೆ ಬೋರ್ಡು ಹಳೆಯದೇ. ಬೋರ್ಡು ತಿದ್ದಿದರೂ ಭಟ್ಟರ ಚೀಟಿ ಹಳೆಯದು. ರವೆ ಇಡ್ಲಿ ಕೇಳಿದವರಿಗೆ ಖಾರಾಬಾತ್ ಬಂದರೆ ಮಾತಿಗೆ ಮಾತು ಬೆಳೆದು ಮುಗಿಯುತ್ತದೆ. ಕರ್ನೆಲ್ಲಿನಲ್ಲಿ ತಪ್ಪು ಆಜ್ಞೆ ಓಡಿದರೆ ಇಡೀ ಯಂತ್ರವೇ ಕುಸಿಯಬಹುದು. ಅದೂ ದಿನಾ ಅಲ್ಲ, ಅದೇ ಜಾಗದ ಹಳೆಯ ನಕಲು ಆ ಹೊತ್ತಿಗೆ ಗೂಡಿನಲ್ಲಿ ಉಳಿದಿದ್ದರೆ ಮಾತ್ರ. ಹುಡುಕಲು ಕೂತವರಿಗೆ ಮೆಮೊರಿಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇದಕ್ಕಿಂತ ತಲೆನೋವು ಬೇಕೆ?

ಮದ್ದು ಸರಳ, ಆದರೆ ಕ್ರಮ ತಪ್ಪಕೂಡದು. ಐ.ಬಿ.ಎಂ.ನ 'ಪವರ್' ಪ್ರೊಸೆಸರುಗಳಲ್ಲಿ 'ಡಿಸಿಬಿಎಸ್‌ಟಿ' ಆಜ್ಞೆ ಜೇಬಿನಲ್ಲಿರುವುದನ್ನು ಬೋರ್ಡಿಗೇರಿಸುತ್ತದೆ. 'ಸಿಂಕ್' ಅದು ಮುಗಿಯುವವರೆಗೆ ಕಾಯಿಸುತ್ತದೆ. 'ಐಸಿಬಿಐ' ಭಟ್ಟರ ಚೀಟಿಯನ್ನು ಹರಿಯುತ್ತದೆ. 'ಐಸಿಂಕ್' ಆಗಲೇ ಕಾವಲಿಗೆ ಹುಯ್ದ ದೋಸೆಯನ್ನೂ ತೆಗೆಸುತ್ತದೆ. ಚೀಟಿಯನ್ನೇ ಮೊದಲು ಹರಿದರೆ ಭಟ್ಟರು ಹಳೆಯ ಬೋರ್ಡನ್ನೇ ಮತ್ತೆ ನಕಲು ಮಾಡಿಕೊಂಡಾರು.

ಈ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ. ಇಲ್ಲಿನ ಐ.ಬಿ.ಎಂ. ಲಿನಕ್ಸ್ ತಂಡದ ಎಸ್. ವಂಶಿಕೃಷ್ಣ 2002ರಲ್ಲಿ 'ಕೆಪ್ರೋಬ್ಸ್' ಬರೆದರು. ಓಡುತ್ತಿರುವ ಕರ್ನೆಲ್ಲಿನ ಒಂದು ಆಜ್ಞೆಯನ್ನು ಎತ್ತಿ, ಅಲ್ಲಿ ತಡೆಯಿಟ್ಟು, ಒಳಗೇನು ನಡೆದಿದೆಯೆಂದು ಇಣುಕುವ ಸಾಧನವದು. ತಡೆ ಬರೆದ ಮರುಸಾಲಿನಲ್ಲೇ ಕ್ಯಾಶ್ ತೊಳೆಯುವ ಕರೆ. 2004ರಲ್ಲಿ ಅದು ಅಧಿಕೃತ ಲಿನಕ್ಸ್ ಸೇರಿತು. ಅದೇ ನವೆಂಬರಿನಲ್ಲಿ 64 ಬಿಟ್ಟಿನ ಪವರ್ ಯಂತ್ರಕ್ಕೆ ಒಗ್ಗಿಸಿದವರು ಅನಂತ್ ಎನ್. ಮಾವಿನಕಾಯನಹಳ್ಳಿ. (ಅಚ್ಚ ಕನ್ನಡದ ಆ ಹಳ್ಳಿಯ ಹೆಸರು ಜಗತ್ತಿನ ಲಿನಕ್ಸ್ ಕಡತಗಳಲ್ಲೆಲ್ಲ ಕೂತಿದೆ!) 2015ರಲ್ಲಿ ಬಿ.ಪಿ.ಎಫ್. ಪ್ರೋಗ್ರಾಮುಗಳನ್ನು ಕೆಪ್ರೋಬಿಗೆ ತಗುಲಿಹಾಕಲು ಸಾಧ್ಯವಾಯಿತು. ಮರುವರ್ಷ ಐ.ಬಿ.ಎಂ.ನದೇ ನವೀನ್ ಎನ್. ರಾವ್ ಪವರ್ ಯಂತ್ರಕ್ಕೆ ಹೊಸ ಬಿ.ಪಿ.ಎಫ್. ಜಿಟ್ ಕೊಟ್ಟರು. ಅದೂ ಆಜ್ಞೆಗಳನ್ನು ಬರೆದಾದ ಮೇಲೆ ಕ್ಯಾಶ್ ತೊಳೆದೇ ಮುಂದೆ ಹೋಗುತ್ತದೆ.

ಬಿ.ಟಿ.ಎಂ. ಲೇಔಟಿನ ಬಾಡಿಗೆ ಕೋಣೆಯಲ್ಲಿ, ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಜಿಟ್ ಬರೆಯುವ ಹುಡುಗಿಗೆ ಮಾತ್ರ ಇದರ ಸುಳಿವೇ ಹತ್ತದು. ಆ ಪ್ರೊಸೆಸರ್ ತನ್ನ ಚೀಟಿಯನ್ನು ತಾನೇ ತಿದ್ದಿಕೊಳ್ಳುತ್ತದೆ. ಅವಳು ತೊಳೆಯುವ ಕರೆಯನ್ನು ಮರೆತದ್ದು ತಿಳಿಯುವುದು, ಅದೇ ಜಿಟ್ಟನ್ನು ಮೊಬೈಲಿನ ಆರ್ಮ್ ಪ್ರೊಸೆಸರಿಗೆ ಒಗ್ಗಿಸಿದ ದಿನ. ಇಂಟೆಲ್ ಯಂತ್ರಗಳ ಮಟ್ಟಿಗೆ ಲಿನಕ್ಸಿನಲ್ಲಿ ಆ ಕರೆಗೆ ಹೆಸರಿದೆ. ಒಳಗೆ ಒಂದು ಸಾಲೂ ಇಲ್ಲ.